ವರ ಪರೀಕ್ಷೆಗೆ ನಿಂತ ನಮ್ಮ ಎಮ್ಮೆ

ಮೋಸ ಕಂಡುಹಿಡಿಯುವ ಗುಣವನ್ನು ದೇವರು ನನಗೆ ಹುಟ್ಟುವಾಗಲೇ ಕೊಟ್ಟಿದ್ದಾನೆ. ತರಕಾರಿಯವಳು ತಕ್ಕಡಿ ಎತ್ತಿದರೆ ನಾನು ಬದನೆಕಾಯಿ ನೋಡುವುದಿಲ್ಲ, ಅವಳ ಹೆಬ್ಬೆರಳು ನೋಡುತ್ತೇನೆ. ಹೀಗಿರುವಾಗ ಒಬ್ಬ ಅಳಿಯ ನನ್ನ ಕಣ್ಣು ತಪ್ಪಿಸುವುದುಂಟೆ?

ನಮ್ಮ ಮಗಳು ಸುಮಾಗೆ ಹರಪನಹಳ್ಳಿಯಿಂದ ಸಂಬಂಧ ಬಂದಿತ್ತು. ಫೋಟೋದ ಜೊತೆ ಒಂದು ಹಾಳೆ. ಅದರಲ್ಲಿ ಹೀಗಿತ್ತು: “ಓದು: ಬಿ.ವಿ.ಎಸ್ಸಿ., ಐದು ವರ್ಷ. ಕೆಲಸ: ಗುಡೇಕೋಟೆ ಕಡೆ ಪಶುವೈದ್ಯ.”

ಐದು ವರ್ಷ! ನನ್ನ ತಮ್ಮ ಬಿ.ಎಸ್ಸಿ.ಯನ್ನು ಮೂರೇ ವರ್ಷಕ್ಕೆ ಮುಗಿಸಿದವನು. ಅಂದಮೇಲೆ ಈ ವರಮಹಾಶಯ ಎರಡು ವರ್ಷ ಡುಮ್ಕಿ ಹೊಡೆದಿದ್ದಾನೆ. ಅದನ್ನು ಧೈರ್ಯವಾಗಿ ಬರೆದೂ ಕೊಟ್ಟಿದ್ದಾನೆ!

“ನಡುವ ಈ ‘ವಿ’ ಏನ್ರಿ?” ಎಂದು ನಮ್ಮ ಮನೆಯವರನ್ನು ಕೇಳಿದೆ.

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. “ವಿಜ್ಞಾನ ಇರಬೇಕು ಬಿಡು.”

ಎಸ್ಸಿ ಅಂದರೇನೇ ವಿಜ್ಞಾನ. ಎರಡೆರಡು ಸಲ ಯಾಕೆ ಬರೆಯುತ್ತಾರೆ? ಅನುಮಾನ ಗಟ್ಟಿಯಾಯಿತು. ಪಕ್ಕದ ಮನೆ ಗಂಗಕ್ಕನ ಹತ್ತಿರ ಓಡಿದೆ.

“ವಿ ಅಂದ್ರ ವಿಫಲ ಇರಬೇಕು ನೋಡವ್ವಾ ಪಾರ್ವತಿ,” ಎಂದಳು ಗಂಗಕ್ಕ. “ದನಕ್ಕ ಸೂಜಿ ಚುಚ್ಚಾಕ ಓದು ಯಾಕ ಬೇಕು? ನಮ್ಮ ತವರೂರಾಗ ದನದ ಆಸ್ಪತ್ರಿ ಜವಾನನೇ ಚುಚ್ಚತಿದ್ದ. ಎಲ್ಲಾರೂ ಅವಂಗ ಡಾಕ್ಟ್ರು ಅಂತನ ಕರೀತಿದ್ರು. ರಟ್ಟಿ ಗಟ್ಟಿ ಇದ್ರ ಆತು, ಮೂರು ತಿಂಗಳದಾಗ ಡಾಕ್ಟ್ರು!”

“ಹಂಗಾರ ಇವನೂ ಜವಾನನೇ!” ನಾನು ತೀರ್ಪು ಕೊಟ್ಟೆ.

ಮನೆಗೆ ಬಂದು ಮುಖಲಕ್ಷಣ ನೋಡೋಣವೆಂದರೆ ಫೋಟೋ ಇಲ್ಲ. ಹುಡುಕಿದರೆ ಸುಮಾಳ ಪುಸ್ತಕದೊಳಗೆ ಸಿಕ್ಕಿತು. ಮಗಳ ಮನಸ್ಸು ಆಗಲೇ ಅತ್ತ ವಾಲಿದೆ. ನಾಳೆ ಮೋಸವಾದರೆ ಕಣ್ಣೀರು ಹಾಕುವವಳು ಅವಳು.

ಆದ್ದರಿಂದ ವರನಿಗೆ ಪ್ರಾಯೋಗಿಕ ಪರೀಕ್ಷೆ ನಡೆಸುವುದೆಂದು ನಿರ್ಧರಿಸಿದೆ. ಹಿತ್ತಲಲ್ಲಿ ಗುಂಡುಕಲ್ಲಿನಂಥ ಎಮ್ಮೆ ಇತ್ತು. ಅದಕ್ಕೆ ಜಡ್ಡು ಎಂದು ಹೇಳುವುದು. ಜವಾನನಾದರೆ ಹಿಂದೆ ಮುಂದೆ ನೋಡದೆ ಸೂಜಿ ಚುಚ್ಚುತ್ತಾನೆ, ಸಿಕ್ಕಿಬೀಳುತ್ತಾನೆ! “ಮಗಳ ಸಲುವಾಗಿ ಒಂದು ಸುಳ್ಳು ಹೇಳ್ತೀನಪ್ಪಾ, ಹೊಟ್ಟಿಗೆ ಹಾಕ್ಕೋ,” ಎಂದು ಕೊಟ್ಟೂರ ಬಸವಣ್ಣನಿಗೆ ಮೊದಲೇ ಅರಿಕೆ ಮಾಡಿಕೊಂಡೆ.

ಭಾನುವಾರ ಹುಡುಗ ಗಂಗಕ್ಕನ ಹತ್ತಿರ ನಮ್ಮ ಮನೆ ವಿಚಾರಿಸಿಕೊಂಡು ತಾಯಿಯೊಂದಿಗೆ ಕನ್ಯೆ ನೋಡಲು ಬಂದ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಟ್ಟೆಗೆ ಬಿದ್ದವು. ಅವನು ಬಜ್ಜಿಗೆ ಕೈ ಹಾಕುವುದಕ್ಕೂ ನಾನು ನಿಟ್ಟುಸಿರು ಬಿಡುವುದಕ್ಕೂ ಸರಿಹೋಯಿತು.

“ನಮ್ಮ ಎಮ್ಮಿ ಎರಡು ದಿನದಿಂದ ಹುಲ್ಲು ಮುಟ್ಟಿಲ್ರಿ. ನೀವು ದೇವರು ಬಂದಂಗ ಬಂದೀರಿ.”

ನಮ್ಮ ಮನೆಯವರು ಗಾಬರಿಯಾದರು. “ಲೇ, ಮುಂಜಾನಿ…”

“ನಿಮಗೇನ್ ಗೊತ್ತಾಗತೈತಿ, ಸುಮ್ಮನಿರ್ರಿ!”

ಪಾಪ, ಹುಡುಗ ಬಜ್ಜಿ ಅಲ್ಲೇ ಬಿಟ್ಟು ಎದ್ದ. ಎಮ್ಮೆಯ ಕಣ್ಣು ನೋಡಿದ, ಮೂಗು ಮುಟ್ಟಿದ. ಎಡಪಕ್ಕೆಯ ಕುಳಿಗೆ ಮುಷ್ಟಿ ಒತ್ತಿ, ಹೊಟ್ಟೆಯ ಮಿಡಿತ ಎಣಿಸುವವನಂತೆ ಗಡಿಯಾರ ನೋಡುತ್ತಾ ನಿಂತ. ಸೂಜಿಯ ಸುದ್ದಿಯೇ ಇಲ್ಲ. ಎಮ್ಮೆಯೋ ಕಣ್ಣು ಅರೆಮುಚ್ಚಿ ಸುಖವಾಗಿ ಮೆಲುಕು ಹಾಕುತ್ತಿತ್ತು. ಮನೆ ಅನ್ನ ತಿಂದ ಪ್ರಾಣಿ, ನನ್ನ ಮಾನ ಕಾಯಬಾರದಿತ್ತೆ?

“ಅಮ್ಮಾರ, ಎಮ್ಮಿ ಆರಾಮ ಐತಿ.”

“ಇಲ್ರಿ! ಸಗಣಿ ಸೈತ ಹಾಕಿಲ್ಲ!” ಸುಳ್ಳು ತಾನಾಗಿ ಬೆಳೆಯಿತು.

“ಹೌದ್ರಾ? ಹಂಗಾರ ಕೈ ಹಾಕಿ ನೋಡಬೇಕಾಗತೈತಿ. ಒಂದು ಬಕೆಟ್ ನೀರು, ಸೋಪು ತರಸ್ರಿ. ನೀವು ಬಾಲ ಎತ್ತಿ ಹಿಡೀರಿ.”

ಸೋಪು ತಂದವಳು ಸುಮಾ. ನನ್ನನ್ನು ನುಂಗುವ ಹಾಗೆ ನೋಡಿದಳು. ಇಳಕಲ್ ಸೀರೆಯ ಸೆರಗು ಸಿಕ್ಕಿಸಿ ಬಾಲ ಎತ್ತಿದೆ. ಹುಡುಗ ಇನ್ನೂ ಅಂಗಿಯ ತೋಳು ಮಡಚುತ್ತಿದ್ದ. ಅಷ್ಟರಲ್ಲಿ, ಎರಡು ದಿನದಿಂದ ಉಪವಾಸವಿದ್ದ ನಮ್ಮ ಎಮ್ಮೆ, ಒಂದು ಪುಟ್ಟಿ ಸಗಣಿಯನ್ನು ನನ್ನ ಸೀರೆಯ ಮೇಲೆ ಧಾರೆ ಎರೆಯಿತು! ಮುಖಕ್ಕೆ ಸಿಡಿಯಲಿಲ್ಲ. ಬಸವಣ್ಣನ ದಯೆ.

ಹುಡುಗ ತೋಳು ಇಳಿಸಿ ಗುಂಡಿ ಹಾಕಿಕೊಂಡ. “ಬಿ.ವಿ.ಎಸ್ಸಿ. ಅಂದ್ರ ಎಲ್ಲಾರಿಗೂ ಐದು ವರ್ಷರಿ ಅಮ್ಮಾರ. ನಮ್ಮ ಪೇಶಂಟ್ ಯಾವತ್ತೂ ಸುಳ್ಳು ಹೇಳಂಗಿಲ್ಲ. ಜೊತಿಗೆ ಬಂದೋರು ಹೇಳ್ತಾರ. ಅದನ್ನ ತಿಳಕೊಳ್ಳಾಕನ ಅಷ್ಟು ವರ್ಷ ಬೇಕು.”

ನನ್ನ ಲೆಕ್ಕಾಚಾರ ಅವನಿಗೆ ಯಾರು ಹೇಳಿದರು? ಕಾಂಪೌಂಡಿನ ಮೇಲೆ ಕಾಣುತ್ತಿದ್ದ ಗಂಗಕ್ಕನ ತಲೆ ತಟ್ಟನೆ ಮಾಯವಾಯಿತು!

ಹುಡುಗನ ತಾಯಿ “ತಿಳಿಸ್ತೀವ್ರಿ” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು. ಬಜ್ಜಿ ತಟ್ಟೆಯಲ್ಲೇ ಉಳಿದಿತ್ತು. ನಾಲ್ಕು ದಿನ ಸುಮಾ ನನ್ನನ್ನು ಕಂಡರೆ ಎದ್ದು ಒಳಗೆ ಹೋಗುತ್ತಿದ್ದಳು. ಫೋಟೋ ಪುಸ್ತಕದಿಂದ ಹೊರಬಂದು ಮೇಜಿನ ಮೇಲೆ ಬೋರಲು ಮಲಗಿತ್ತು. ಅದನ್ನು ಕಂಡಾಗಲೆಲ್ಲ ನನಗೆ ಅನ್ನ ಇಳಿಯುತ್ತಿರಲಿಲ್ಲ. ಈ ಸಲ ನಿಜವಾಗಿಯೂ ಮೇವು ಬಿಟ್ಟಿದ್ದು ನಾನು!

ಐದನೇ ದಿನ ನಮ್ಮ ಮನೆಯವರು ಎಸ್.ಟಿ.ಡಿ. ಬೂತಿನಿಂದ ಓಡಿ ಬಂದರು. “ಒಪ್ಯಾರಲೇ!”

ಸುಮಾ ಒಳಗಿನಿಂದ ಬಂದವಳೇ ನನ್ನೆದುರು ನಿಂತಳು. “ಅವ್ವಾ, ನನ್ನನ್ನ ನೋಡಿ ಒಪ್ಪಿದ್ದಕ್ಕ ಬಸವಣ್ಣಗ ಒಂದು ಕಾಯಿ ಒಡಸು. ನಿನ್ನನ್ನ ನೋಡಿದ ಮ್ಯಾಲೂ ಒಪ್ಪಿದ್ದಕ್ಕ ಹತ್ತು ಒಡಸು.”

ಚೀಲ ಹಿಡಿದು ಹೋಗಿ ಹನ್ನೊಂದು ತೆಂಗಿನಕಾಯಿ ತಂದೆ.