ಒರಗಬಾರದ ಗೋಡೆ

ಒಬ್ಬ ಮನುಷ್ಯ ಎಲ್ಲಿಗೆ ಹೋಗಿ ಬಂದ ಎಂದು ತಿಳಿಯಬೇಕಾದರೆ ಅವನನ್ನು ಕೇಳಿ ಪ್ರಯೋಜನವಿಲ್ಲ, ಅವನ ಬೆನ್ನು ನೋಡಬೇಕು. ಸುಣ್ಣದ ಗೋಡೆಗಳ ಈ ಊರಿನಲ್ಲಿ ನಾನು ಕಂಡುಕೊಂಡ ಸತ್ಯ ಇದು. ಬೆನ್ನಿನ ಮೇಲೆ ನೀಲಿ ಬೆರೆತ ಸುಣ್ಣವಿದ್ದರೆ ಒಂದು ಮನೆ, ಹಳದಿಯಾದರೆ ಇನ್ನೊಂದು. ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ವರದಿಗಾರನೊಬ್ಬ ಸಾರ್ವಜನಿಕ ಸಭೆಯ ವಿವರಗಳನ್ನು ಬರೆದು ಕೊಡುತ್ತಿರುವಾಗ, ಅವನ ಕೋಟಿನ ಹಿಂಭಾಗದಲ್ಲಿ ಕಚೇರಿಯ ಎದುರಿನ ಹೋಟೆಲಿನ ಗುಲಾಬಿ ಗೋಡೆ ಇರುವುದನ್ನು ಹಲವು ಸಲ ನೋಡಿದ್ದೇನೆ. ವರದಿಗಳನ್ನು ತಿದ್ದುವುದು ನನ್ನ ಕೆಲಸ. ಬೆನ್ನು ನೋಡುವುದು ಅದರ ಒಂದು ಭಾಗ.

ಹೀಗೆ ಬೇರೆಯವರ ಬೆನ್ನು ನೋಡಿಕೊಂಡು ನೆಮ್ಮದಿಯಾಗಿದ್ದ ನನಗೆ ತೊಂದರೆ ಶುರುವಾದದ್ದು ನಮ್ಮ ಮಾವನವರ ಬೆನ್ನಿನಿಂದ. ಮಾವನವರು ನಿವೃತ್ತ ಹೆಡ್‌ಮಾಸ್ಟರು. ವಿಲ್ಸನ್ ಗಾರ್ಡನ್ನಿನಲ್ಲಿ ದೊಡ್ಡ ಮಗನ ಜೊತೆ ಇದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಜಯನಗರದ ನಮ್ಮ ಮನೆಗೆ ಬಂದು, ನಡುಮನೆಯ ಕಿಟಕಿಯ ಪಕ್ಕ ಚಾಪೆಯ ಮೇಲೆ ಕುಳಿತು, ಗೋಡೆಗೆ ಒರಗಿ, ಕಾಫಿ ಕುಡಿಯುತ್ತಾ ನಮ್ಮ ಪತ್ರಿಕೆಯ ಅಚ್ಚಿನ ತಪ್ಪುಗಳ ಸುತ್ತ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುವುದು ಅವರ ವಾಡಿಕೆ. ಅಳಿಯನ ಮೇಲಿನ ಅಭಿಮಾನದಿಂದ ಅವರು ಬೇರೆ ಪತ್ರಿಕೆಗಳ ತಪ್ಪುಗಳನ್ನು ಮುಟ್ಟುವುದಿಲ್ಲ.

ಒಂದು ಭಾನುವಾರ ಸಂಜೆ ಅವರ ಹಳೆಯ ವಿದ್ಯಾರ್ಥಿಗಳು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಮಾವನವರು ನಮ್ಮ ಮನೆಯಿಂದಲೇ ನೇರವಾಗಿ ಅಲ್ಲಿಗೆ ಹೋದರು. ಹಾರ ಹಾಕಿಸಿಕೊಂಡು, ಅಧ್ಯಕ್ಷರಿಗೆ ಕೈ ಮುಗಿಯಲು ವೇದಿಕೆಯ ಮೇಲೆ ತಿರುಗಿದರು. ಕಪ್ಪು ಕೋಟಿನ ಹಿಂದೆ ನಮ್ಮ ನಡುಮನೆಯ ಸುಣ್ಣ ಹೆಗಲಿನಿಂದ ಸೊಂಟದವರೆಗೆ ಬಂದಿತ್ತು. ಅವರ ತರಗತಿಯಲ್ಲಿ ವರ್ಷಗಟ್ಟಲೆ ತುಟಿ ಬಿಚ್ಚದೆ ಕುಳಿತಿದ್ದ ವಿದ್ಯಾರ್ಥಿಗಳು, ಅಷ್ಟು ವರ್ಷಗಳ ನಗುವನ್ನು ಆ ಸಂಜೆ ನಕ್ಕು ಮುಗಿಸಿದರಂತೆ.

ನನ್ನ ಹೆಂಡತಿ ಸರೋಜ ಹೇಳಿದಳು. "ನಮ್ಮಪ್ಪ ಒರಗೋ ಗೋಡೆ ಬಣ್ಣ ಬಿಡಬಾರ್ದು ರೀ. ಸುಣ್ಣ ಸಾಕು. ಡಿಸ್ಟೆಂಪರ್ ಹೊಡಿಸಿ. ಹೊಡೆಯೋನು ನಂಬಿಕಸ್ಥನಾಗಿರ್ಬೇಕು, ನೋಡಿ ಕರ್ಕೊಂಡು ಬನ್ನಿ."

ಯಾವ ಸುದ್ದಿಯನ್ನಾದರೂ ಎರಡು ಕಡೆ ವಿಚಾರಿಸದೆ ಅಚ್ಚಿಗೆ ಕೊಡಬಾರದೆಂಬುದು ನಮ್ಮ ಕಚೇರಿಯ ನಿಯಮ. ಬಣ್ಣದವನನ್ನು ಆರಿಸುವಾಗಲೂ ಅದನ್ನೇ ಪಾಲಿಸಲು ಹೊರಟೆ. ಮೊದಲು ಪಕ್ಕದ ಮನೆಯ ಶ್ಯಾಮರಾಯರನ್ನು ಕೇಳಿದೆ. ಅವರು ತಮ್ಮ ಬಣ್ಣದವನನ್ನು ಬಾಯಿತುಂಬ ಹೊಗಳಿದರು. "ಏನು ಕೈ ಸಾರ್ ಅವನದು! ಗೋಡೆ ಕನ್ನಡಿ ಇದ್ದ ಹಾಗೆ ಆಗುತ್ತೆ. ಅರ್ಧ ಮನೆ ಹೊಡೆದು ಊಟಕ್ಕೆ ಅಂತ ಹೋಗಿದಾನೆ. ನಿಮ್ಮ ಕಣ್ಣಿಗೆ ಬಿದ್ರೆ ನಾನು ಕಾಯ್ತಾ ಇದೀನಿ ಅಂತ ಹೇಳಿ." ಎಂದಿನಿಂದ ಕಾಯುತ್ತಿದ್ದೀರಿ ಎಂದು ಕೇಳಿದೆ. ಯುಗಾದಿಯಿಂದ ಎಂದರು. ಆಗ ಶ್ರಾವಣ ನಡೆಯುತ್ತಿತ್ತು.

ಜನರ ಬಾಯಿಮಾತು ಸಾಲದು, ಗೋಡೆಯನ್ನೇ ವಿಚಾರಿಸಬೇಕು ಎಂದು ನಿರ್ಧರಿಸಿದೆ. ಮದುವೆಯಲ್ಲಿ ಹೊಲಿಸಿದ್ದ ಕಪ್ಪು ಕೋಟನ್ನು ತೊಟ್ಟು, ಹೊಸದಾಗಿ ಬಣ್ಣ ಹೊಡೆಸಿದವರ ಮನೆಗಳಿಗೆ ಯಾವುದಾದರೊಂದು ನೆಪದಲ್ಲಿ ಹೋಗುವುದು, ಮಾತಿನ ನಡುವೆ ಗೋಡೆಗೆ ಒರಗುವುದು, ಬೀದಿಗೆ ಬಂದು ಕೋಟು ಕಳಚಿ ನೋಡುವುದು. ಈ ಕ್ರಮದಿಂದ ಬಡಾವಣೆಯ ಹಲವು ಬಣ್ಣದವರ ಯೋಗ್ಯತೆ ಸರೋಜಳಿಗೆ ಮನೆಯಲ್ಲೇ ತಿಳಿಯತೊಡಗಿತು. ಕೋಟು ಕೊಡವುವ ಕೆಲಸ ಅವಳದಾಗಿತ್ತು. ಸುದ್ದಗುಂಟೆಪಾಳ್ಯದ ಹತ್ತಿರ ಒಬ್ಬರ ಮನೆಯಲ್ಲಿ ಒರಗಿ ಬಂದಾಗ ಮಾತ್ರ ಕೋಟು ಹೋದ ಹಾಗೆಯೇ ಬಂತು. ನಿಯಮದ ಪ್ರಕಾರ ಮತ್ತೊಮ್ಮೆ ಒಳಗೆ ಹೋಗಿ ಬೇರೆ ಗೋಡೆಗೆ ಒರಗಿದೆ. ಮನೆಯ ಯಜಮಾನರು ಗಾಬರಿಯಾದರು. "ಏನ್ ಸಾರ್, ತಲೆ ಸುತ್ತುತ್ತಾ? ಲೇ, ಸ್ವಲ್ಪ ನಿಂಬೆಹಣ್ಣಿನ ಪಾನಕ ತಾರೇ!" ಎಂದು ಒಳಗೆ ಕೂಗಿದರು. ಪಾನಕ ಕುಡಿದು, ಬಣ್ಣದವನ ಹೆಸರು ಕೇಳಿದೆ. ಮುನಿಸ್ವಾಮಿ ಎಂದರು.

ಮುನಿಸ್ವಾಮಿ ಮರುದಿನವೇ ಬಂದ. ನಡುಮನೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, ಹಳೆಯ ಸುಣ್ಣವನ್ನೆಲ್ಲ ಕೆರೆದು ತೆಗೆಯಬೇಕೆಂದ. ನಾಲ್ಕೂ ಗೋಡೆಗೆ ಸರೋಜ ತಿಳಿಹಸಿರು ಆರಿಸಿದಳು. ನಾನು ಗಂಭೀರವಾಗಿ, "ಗ್ಯಾರಂಟಿ ಏನಪ್ಪಾ?" ಎಂದೆ. ಈ ಮಾತನ್ನು ಅದೇ ತಾನೇ ಒಂದು ರೇಡಿಯೋ ಅಂಗಡಿಯಲ್ಲಿ ಕೇಳಿ ಬಂದಿದ್ದೆ.

"ಗ್ಯಾರಂಟಿ ಇಲ್ದೆ ನಾನು ಬ್ರಷ್ಷೇ ಮುಟ್ಟಲ್ಲ ಸಾಮಿ," ಎಂದ ಮುನಿಸ್ವಾಮಿ. "ಬರೋ ವರ್ಷದ ಗೌರಿ ಹಬ್ಬದ ತನಕ ಒಂದು ಚೂರು ಬಣ್ಣ ಎದ್ರೂ ಬಂದು ಪೂರಾ ಗೋಡೆ ಹೊಡ್ಕೊಡ್ತೀನಿ. ಆದ್ರೆ ಮೊಳೆ ಹೊಡೀಬಾರ್ದು. ನೀರು ಎರಚಬಾರ್ದು. ಎಣ್ಣೆ ತಲೆ ಇಟ್ಟು ಯಾರೂ ಒರಗ್ಬಾರ್ದು."

"ಒರಗಿದರೆ?"

"ಒರಗಿದ್ರೆ ಗ್ಯಾರಂಟಿ ಅಲ್ಲಿಗೆ ಮುಗೀತು. ಗೋಡೆ ನಿಮ್ದು, ತಲೆ ನಿಮ್ದು. ನಾನೇನ್ ಮಾಡ್ಲಿ ಸಾಮಿ?"

ಒರಗುವುದಕ್ಕಾಗಿಯೇ ಹೊಡೆಸುತ್ತಿರುವ ಬಣ್ಣ ಇದು ಎಂದು ನಾನು ಆಗಲೇ ಹೇಳಬಹುದಿತ್ತು. ಆದರೆ ಜೀವನದಲ್ಲಿ ಮೊದಲ ಬಾರಿಗೆ ಒಬ್ಬರು ನನಗೆ ಗ್ಯಾರಂಟಿ ಕೊಡುತ್ತಿದ್ದರು. ನಮ್ಮ ಮದುವೆಗೂ ಅದು ಇರಲಿಲ್ಲ. ಒಪ್ಪಿಕೊಂಡೆ.

ಕೆಲಸ ಚೆನ್ನಾಗಿಯೇ ಆಯಿತು. ಗೋಡೆ ಒಣಗಿದ ದಿನದಿಂದ ನಾನು ಗ್ಯಾರಂಟಿಯ ಕಾವಲಿಗೆ ನಿಂತೆ. ನನ್ನ ಮರದ ಕುರ್ಚಿಯನ್ನು ಎದುರು ಗೋಡೆಯ ಹತ್ತಿರಕ್ಕೆ ಸರಿಸಿದೆ. ಅದರ ಹಿಂದಿನ ಕಾಲುಗಳ ಮೇಲೆ ವಾಲಿ ಕುಳಿತರೆ ನಡುಮನೆ ಪೂರ್ತಿ ಕಾಣುತ್ತದೆ. ಬಂದವರನ್ನೆಲ್ಲ ಕೋಣೆಯ ನಡುವೆ ಕೂರಿಸಿದೆ. ಹೊಸ ವರ್ಷದ ಕ್ಯಾಲೆಂಡರು ಬಂದಾಗ ಮೊಳೆ ಹೊಡೆಯುವಂತಿರಲಿಲ್ಲವಾದ್ದರಿಂದ ಅದು ಸುರುಳಿಯಾಗಿಯೇ ಬೀರುವಿನ ಮೇಲೆ ಉಳಿಯಿತು. ಏಕಾದಶಿ ಯಾವತ್ತು ಎಂದು ಸರೋಜ ಶ್ಯಾಮರಾಯರ ಮನೆಗೆ ಹೋಗಿ ನೋಡಿಕೊಂಡು ಬರುತ್ತಿದ್ದಳು.

ಮಾವನವರ ವಿಷಯದಲ್ಲಿಯೂ ನಾನು ಪಕ್ಷಪಾತ ಮಾಡಲಿಲ್ಲ. ಅವರು ಎಂದಿನ ಜಾಗದಲ್ಲಿ ಕುಳಿತು ಬೆನ್ನು ಹಿಂದಕ್ಕೆ ಕೊಡುವಷ್ಟರಲ್ಲಿ, "ಮಾವ, ಸ್ವಲ್ಪ ಮುಂದೆ ಬನ್ನಿ, ಗ್ಯಾರಂಟಿ ಇದೆ," ಎಂದೆ. ಅವರು ಗೋಡೆಯನ್ನೂ ನನ್ನನ್ನೂ ಒಮ್ಮೆ ನೋಡಿ ಮುಂದೆ ಬಂದರು. ಕಟಕಟೆಯಲ್ಲಿ ನಿಲ್ಲಿಸಿದವರಂತೆ ನೆಟ್ಟಗೆ ಕುಳಿತು ಕಾಫಿ ಕುಡಿದರು. ಚಳಿಗಾಲವೆಲ್ಲ ಹೀಗೇ ಬಂದು, ಬೇಗ ಬೇಗ ಎದ್ದು ಹೋಗುತ್ತಿದ್ದರು. ಆಮೇಲೆ ಸೊಂಟ ನೋವೆಂದು ಹೇಳಿ ಕಳಿಸಿದರು. ಆಮೇಲೆ ಬಸ್ಸಿನಲ್ಲಿ ನೂಕುನುಗ್ಗಲು ಎಂದರು. ಆಮೇಲೆ ಹೇಳಿ ಕಳಿಸುವುದನ್ನೂ ನಿಲ್ಲಿಸಿದರು. ಭಾನುವಾರ ಸರೋಜ ಎರಡು ಲೋಟ ಹೆಚ್ಚಿಗೆ ಕಾಫಿ ಬೆರೆಸಿ, ಬಾಗಿಲ ಕಡೆ ನೋಡಿ, ತಣ್ಣಗಾದ ಮೇಲೆ ತಾನೇ ಕುಡಿಯುತ್ತಿದ್ದಳು. ನಮ್ಮ ಪತ್ರಿಕೆಯ ತಪ್ಪುಗಳು ಗೆರೆ ಕಾಣದೆ ಉಳಿದವು. ಇದರಿಂದ ನನಗೆ ಆಗಬೇಕಾಗಿದ್ದಷ್ಟು ಸಂತೋಷ ಆಗಲಿಲ್ಲ ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ.

ಬೇಸಿಗೆಯ ಒಂದು ಭಾನುವಾರ ಸರೋಜ ಅಭ್ಯಂಜನಕ್ಕೆಂದು ತಲೆಗೆ ಎಣ್ಣೆ ಒತ್ತಿಕೊಂಡು ಬಚ್ಚಲಿನ ಕಡೆ ಹೊರಟವಳು ನಡುಮನೆಯಲ್ಲಿ ನಿಂತಳು. ನಾನು ಕುರ್ಚಿಯಲ್ಲಿದ್ದೆ. ಅವಳು ನನ್ನನ್ನೇ ನೋಡುತ್ತಾ ಕಿಟಕಿಯ ಪಕ್ಕ ಹೋಗಿ, ಅವರಪ್ಪನ ಜಾಗದಲ್ಲಿ ಕುಳಿತು, ನಿಧಾನವಾಗಿ ತಲೆಯನ್ನು ಗೋಡೆಗೆ ಆನಿಸಿದಳು. ಅಷ್ಟಕ್ಕೆ ಬಿಡದೆ ಆಚೆಗೂ ಈಚೆಗೂ ಒಮ್ಮೆ ಹೊರಳಿಸಿದಳು.

"ಗ್ಯಾರಂಟಿ ಮುಗೀತು," ಎಂದಳು. "ಈಗ ಹೋಗಿ ಅಪ್ಪನ್ನ ಕರ್ಕೊಂಡು ಬನ್ನಿ."

ವಿಲ್ಸನ್ ಗಾರ್ಡನ್ನಿನಲ್ಲಿ ಮಾವನವರು ಜಗಲಿಯ ಗೋಡೆಗೆ ಒರಗಿ ಕುಳಿತಿದ್ದರು. ಮಗಳ ಯೋಗಕ್ಷೇಮ ಕೇಳಲಿಲ್ಲ. "ಗೋಡೆ ಹೇಗಿದೆ ಅಳಿಯಂದಿರೇ?" ಎಂದರು.

"ಚೆನ್ನಾಗಿದೆ ಮಾವ."

"ಯಾರೂ ಮುಟ್ಟಿಲ್ಲ ತಾನೇ?"

"ಸರೋಜ ಈಗ ತಾನೇ ಎಣ್ಣೆ ತಲೆ ಇಟ್ಟು ಒರಗಿದಳು."

"ಹಾಗಾದ್ರೆ ಇರಿ, ಕೋಟು ಹಾಕ್ಕೊಂಡು ಬರ್ತೀನಿ," ಎಂದು ಮಾವನವರು ಎದ್ದರು. ಸೊಂಟ ನೋವಿನ ಲಕ್ಷಣ ಕಾಣಲಿಲ್ಲ.

ಮನೆಗೆ ಬಂದು ಅವರು ಕಿಟಕಿಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಕಾಫಿ ಬಂತು, ಪತ್ರಿಕೆ ಬಂತು, ಕೆಂಪು ಪೆನ್ಸಿಲು ಜೇಬಿನಿಂದ ಹೊರಬಂತು. ಮೊದಲ ಪುಟದಲ್ಲೇ ಅವರಿಗೆ ಸಾಕಷ್ಟು ಕೆಲಸ ಸಿಕ್ಕಿತು. ಕಾಫಿ ಮುಗಿದ ಮೇಲೆ ಅವರು ಎದ್ದು ಬೆನ್ನು ತೋರಿಸಿದರು. ಕೋಟು ಶುದ್ಧ ಕಪ್ಪಗಿತ್ತು. ಸರೋಜಳ ಮುಖ ಅರಳಿತು. ನಾನೂ ನೋಡೋಣವೆಂದು ಕುರ್ಚಿಯಿಂದ ಎದ್ದು ಮುಂದೆ ಬಂದೆ.

ನಾನು ಎದ್ದಾಗ ಮಾವನವರ ದೃಷ್ಟಿ ನನ್ನ ಕುರ್ಚಿಯ ಹಿಂದಕ್ಕೆ ಹೋಯಿತು. ಅಲ್ಲಿ, ವಾಲಿ ಕುಳಿತ ಮನುಷ್ಯನ ತಲೆಯ ಎತ್ತರಕ್ಕೆ, ತಿಳಿಹಸಿರು ಗೋಡೆಯ ಮೇಲೆ ಒಂದು ಕಪ್ಪು ಮಚ್ಚೆ ಇತ್ತು. ದೋಸೆಯ ಅಗಲ, ದೋಸೆಯ ಹೊಳಪು. ಗ್ಯಾರಂಟಿಗೆ ಕಾವಲು ಕೂತವನ ತಲೆ ತಿಂಗಳುಗಟ್ಟಲೆ ಅಲ್ಲಿಯೇ ವಿಶ್ರಮಿಸಿತ್ತು. ಮಾವನವರು ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಕೆಂಪು ಪೆನ್ಸಿಲಿನಿಂದ ಅದರ ಸುತ್ತ ಒಂದು ಗೆರೆ ಎಳೆದರು.

"ಇದು ಯಾರ ತಲೆ ಅಳಿಯಂದಿರೇ?"

"ತಡೀರಿ ಅಪ್ಪ, ಅವಸರ ಮಾಡ್ಬೇಡಿ," ಎಂದಳು ಸರೋಜ. "ಅವರು ಎರಡು ಕಡೆ ವಿಚಾರಿಸಿ ಹೇಳ್ತಾರೆ."

ಗೌರಿ ಹಬ್ಬಕ್ಕೆ ಮುಂಚೆ ಮುನಿಸ್ವಾಮಿ ತಾನೇ ನೋಡಿಹೋಗಲು ಬಂದ. ಗೋಡೆಗಳನ್ನೆಲ್ಲ ನೋಡಿ, "ಗ್ಯಾರಂಟಿ ಹೋಗಿದೆ ಸಾಮಿ, ಬಣ್ಣ ಹೋಗಿಲ್ಲ," ಎಂದು ತೀರ್ಪು ಕೊಟ್ಟ. ನನ್ನ ಮಚ್ಚೆ ಅವನ ಕಣ್ಣಿಗೆ ಬೀಳಲಿಲ್ಲ. ತಪ್ಪು ಅಚ್ಚಾದರೆ ಮರುದಿನ ಒಳಪುಟದಲ್ಲಿ ಸಣ್ಣಕ್ಷರದ ತಿದ್ದುಪಡಿ ಹಾಕುವುದು ನಮ್ಮ ಕಚೇರಿಯ ಪದ್ಧತಿ. ನಾನು ಅದರ ಬದಲು ಮಾವನವರು ಗೆರೆ ಎಳೆದ ಭಾನುವಾರ ಸಂಜೆಯೇ ಮೊಳೆ ಹೊಡೆದು, ಬೀರುವಿನ ಮೇಲಿದ್ದ ಕ್ಯಾಲೆಂಡರನ್ನು ಮಚ್ಚೆಯ ಮೇಲೆ ತೂಗುಹಾಕಿದ್ದೆ. ಇಷ್ಟು ತಗ್ಗಿನಲ್ಲಿ ಏಕೆ ಎಂದು ಬಂದವರು ಕೇಳುತ್ತಾರೆ. ಕುಳಿತೇ ತಾರೀಖು ನೋಡಬಹುದು ಎನ್ನುತ್ತೇನೆ. ಕುರ್ಚಿ ಇದ್ದಲ್ಲೇ ಇದೆ. ಮೇ ತಿಂಗಳ ಹಾಳೆಯಲ್ಲಿ ಹಿಡಿದ ನನ್ನ ತಲೆಯ ಎಣ್ಣೆ ಈಗ ಡಿಸೆಂಬರಿನವರೆಗೂ ಇಳಿದಿದೆ. ಮೊನ್ನೆ ಮಾವನವರು ಏಕಾದಶಿ ನೋಡುತ್ತೇನೆಂದು ಅದರ ಹತ್ತಿರ ಹೋಗಿ, ಪೆನ್ಸಿಲಿನ ಜೇಬಿಗೆ ಕೈ ಹಾಕಿದರು.