ಬೀಗರ ಕಣ್ಣಿಗೇ ಮೊದಲು ಬೀಳುವ ಹಕ್ಕಿಗಳು

ಬೀಗರ ಜೊತೆ ಬೆಳಗಿನ ವಾಕಿಂಗ್ ಹೋಗುವವರಿಗೆ ನಗುವಿಗೇನೂ ಕೊರತೆಯಿಲ್ಲ. ದಿನಾ ಒಂದಲ್ಲ ಒಂದು ಆಗುತ್ತಲೇ ಇರುತ್ತೆ. ನಾನು ಚನ್ನಪಟ್ಟಣದ ರಿಟೈರ್ಡ್ ಮನುಷ್ಯ. ಬೀಗರು ದೊಡ್ಡಆಲಹಳ್ಳಿ ಕಡೆ ಹಿಪ್ಪುನೇರಳೆ ತೋಟ ಇಟ್ಟುಕೊಂಡವರು. ಈ ಮಳೆಗಾಲ ನಾನು, ನನ್ನ ಹೆಂಡತಿ, ಬೀಗರು ಎಲ್ಲರೂ ಮಂಗಳೂರಿನಲ್ಲಿ ಮಗಳು-ಅಳಿಯನ ಮನೆಯಲ್ಲಿ ಬೀಡುಬಿಟ್ಟೆವು.

ಮಗಳಿಗೆ ಚಿಕ್ಕಂದಿನಲ್ಲಿ ಕೆರೆ ಏರಿ ಮೇಲೆ ಹಕ್ಕಿ ತೋರಿಸಿದವನು ನಾನು. ಆಗ "ನಮ್ಮಪ್ಪನ ಕಣ್ಣೇ ಕಣ್ಣು" ಅಂತ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಈಗ ನೋಡಿದರೆ "ನಮ್ಮ ಮಾವನ ಕಣ್ಣೇ ಕಣ್ಣು"! ಹೊಟ್ಟೆ ಉರಿಯದೆ ಇರುತ್ತದೆಯೇ? ನಿಜ ಹೇಳಬೇಕೆಂದರೆ ಅದು ಅವರ ಕಣ್ಣಿನ ಮಹಿಮೆಯಲ್ಲ, ನನ್ನ ಮರ್ಯಾದೆಯ ಮಹಿಮೆ. ಹೆಣ್ಣು ಕೊಟ್ಟವನು ನಾನು. ಗೇಟು ತೆಗೆದು "ಮುಂದೆ ನಡೀರಿ ಬೀಗರೇ" ಅನ್ನಲೇಬೇಕು. ಮುಂದೆ ಹೋದವರಿಗೆ ಹಕ್ಕಿ, ಹಿಂದೆ ಹೋದವನಿಗೆ ಬೀಗರ ಬೆನ್ನು. "ಅಪ್ಪನ ಕಣ್ಣೇ ಕಣ್ಣು" ಅನ್ನುವ ಮಾತನ್ನು ಮಗಳ ಬಾಯಿಂದ ಮತ್ತೆ ಹೇಳಿಸದೆ ಊರಿಗೆ ಹೊರಡಬಾರದು ಅಂತ ತೀರ್ಮಾನಿಸಿಬಿಟ್ಟೆ.

ಗರುಡ ದರ್ಶನ

ಮೊದಲ ದಿನವೇ ಬೀಗರು ರಸ್ತೆ ಮಧ್ಯೆ ನಿಂತರು. "ಬೀಗ್ರೆ, ಒಸಿ ಮೇಲ್ ನೋಡಿ, ಗರುಡ ಐತೆ!" ಅಂದವರೇ ಚಪ್ಪಲಿ ಬಿಟ್ಟು ಕೈಮುಗಿದರು. ನಮ್ಮ ಕಡೆ ಗರುಡ ಕಂಡರೆ ಪುಣ್ಯ ಅಂತ ಲೆಕ್ಕ. ಮನೆಯಲ್ಲಿ ಮಗಳಿಂದ ಅವರಿಗೆ ಹೊಗಳಿಕೆ, ನನಗೆ ಬರೀ ಕಾಫಿ.

ಮಾರನೇ ದಿನ ನಾನೇ ಉಪಾಯ ಮಾಡಿ ಅವರನ್ನು ಮೀನಿನ ದಕ್ಕೆಗೆ ಕರೆದುಕೊಂಡು ಹೋದೆ. ದೋಣಿ ಬಂದು ನಿಲ್ಲುವ ಆ ಜಾಗದಲ್ಲಿ ಗರುಡ ನಮ್ಮೂರ ಕಾಗೆಯ ಹಾಗೆ.

"ಬೀಗರೇ, ಅಲ್ಲೊಂದು!" ಅಂದೆ. ಚಪ್ಪಲಿ ಬಿಟ್ಟು ಕೈಮುಗಿದರು.

"ಇಲ್ಲೊಂದು!" ಮತ್ತೆ ಚಪ್ಪಲಿ.

"ಬಲೆ ಮೇಲೆ ಮೂರು!"

ಕೊನೆಗೆ ಚಪ್ಪಲಿ ಕಂಕುಳಲ್ಲಿಟ್ಟುಕೊಂಡು ಮೀನು ತೊಳೆದ ನೀರಲ್ಲೇ ಬರಿಗಾಲಲ್ಲಿ ನಡೆದರು. ನನಗಾದ ಸಂತೋಷ ಹೇಳತೀರದು.

ಮನೆಗೆ ಬಂದರೆ ಮಗಳು ಅವರ ಕಾಲಿಗೆ ಬಿಸಿನೀರು ಹಾಕುತ್ತಾ, "ಅಷ್ಟೊಂದು ಗರುಡ ನೋಡಿದ್ರಾ ಮಾವ!" ಅಂತ ಬೆರಗಾದಳು. ಆಮೇಲೆ ನನ್ನ ಕಡೆ ತಿರುಗಿ, ಅಯ್ಯೋ ಪಾಪ ಅನ್ನುವ ದನಿಯಲ್ಲಿ ಕೇಳಿದಳು: "ನಿನಗೆ ಒಂದಾದರೂ ಕಾಣಿಸ್ತಾ ಅಪ್ಪ?"

ಅಳಿಯನ ಬೈನಾಕ್ಯುಲರ್

ಅಳಿಯ ಒಂದು ದಿನ ತನ್ನ ಬೈನಾಕ್ಯುಲರ್ ಕೊಟ್ಟ. ನದಿ ದಂಡೆಯ ಕಂಬದ ಮೇಲೆ ಒಂದು ಹಕ್ಕಿ ಕೂತಿತ್ತು.

"ನೀವು ನೋಡಿ ಬೀಗರೇ."

"ಸುಮ್ನಿರಿ ಬೀಗ್ರೆ, ನೀವು ನೋಡಿ."

ನನ್ನ ಬಲವಂತಕ್ಕೆ ಕೊನೆಗೂ ಅವರೇ ಕಣ್ಣಿಗಿಟ್ಟರು. "ಆಹಾ, ಮಿಂಚುಳ್ಳಿ! ರೆಕ್ಕೆ ನೀಲಿ, ಕೊಕ್ಕು ಕೆಂಪಗೈತೆ!" ಹೊಟ್ಟೆಕಿಚ್ಚಿನಿಂದಲೇ ಇಸಿದುಕೊಂಡು ನೋಡಿದೆ. ಬರೀ ಕತ್ತಲು! ಮುಂದಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಬೀಗರಿಗೆ ಹಾಗಂತ ಹೇಳುವುದುಂಟೇ? ಹಾಗಂತ ಸೋಲುವುದಕ್ಕೂ ಮನಸ್ಸಿಲ್ಲ.

"ಹೌದು ಬೀಗರೇ, ಪಕ್ಕದಲ್ಲೇ ಹೆಣ್ಣು ಹಕ್ಕೀನೂ ಕೂತಿದೆ, ನೀವು ನೋಡಲಿಲ್ವಾ?"

ಬೀಗರು ಒಂದು ಕ್ಷಣವೂ ತಡವರಿಸಲಿಲ್ಲ. "ನೋಡ್ದೆ ನೋಡ್ದೆ. ಅದ್ರ ಹಿಂದ್ಗಡೆ ಮರೀನೂ ಐತಲ್ಲ!"

ಅಣಬೆ ಸಾರು

ಊರಿಗೆ ಹೊರಡುವ ಹಿಂದಿನ ದಿನ ನನ್ನ ಅದೃಷ್ಟ ಖುಲಾಯಿಸಿತು. ಬೀಗರ ಚಪ್ಪಲಿ ಕೆಸರಲ್ಲಿ ಹೂತುಕೊಂಡು ಅವರು ಹಿಂದೆ ಉಳಿದರು. ಖಾಲಿ ಸೈಟೊಂದರ ಕಾಂಪೌಂಡ್ ಪಕ್ಕ, ತೆಂಗಿನ ಬುಡದಲ್ಲಿ, ಬೆಳ್ಳಗೆ ಕೊಡೆ ಬಿಚ್ಚಿಕೊಂಡ ಅಣಬೆಗಳು! ಮೊದಲು ಕಂಡವನು ನಾನು! ಟವೆಲ್ ತುಂಬಾ ಕಿತ್ತುಕೊಂಡು ಮೆರವಣಿಗೆಯಲ್ಲಿ ಬಂದ ಹಾಗೆ ಮನೆಗೆ ಬಂದೆ.

"ಅಪ್ಪಾ, ನಿನ್ನ ಕಣ್ಣೇ ಕಣ್ಣು!" ಅಂದಳು ಮಗಳು. ಆಹಾ! ಆಮೇಲೆ ಕೇಳಿದಳು, "ತಿನ್ನೋ ಅಣಬೆ ತಾನೇ?"

"ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದೋನು ಕಣಮ್ಮ ನಾನು. ನನಗೆ ಹೇಳಿಕೊಡ್ತೀಯಾ?"

ನನ್ನ ಹೆಂಡತಿ ಸಾರು ಮಾಡಿ, ಮುದ್ದೆ ತಿರುವಿ, ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿದಳು. ಅಷ್ಟು ಹೊತ್ತಿಗೆ ನನ್ನ ಸಸ್ಯಶಾಸ್ತ್ರ ಇಳಿಯತೊಡಗಿತ್ತು.

"ಮೊದಲು ಬೀಗರಿಗೆ ಬಡಿಸೇ" ಅಂದೆ.

"ಎಲ್ಲಾದ್ರೂ ಉಂಟಾ ಬೀಗ್ರೆ? ಕಂಡೋರು ನೀವು, ಮೊದಲ್ನೇ ತುತ್ತು ನಿಮ್ದೇಯ."

"ಗಂಡಿನ ಕಡೆಯವರು ನೀವು. ನಿಮಗಿಂತ ಮುಂಚೆ ನಾನು ಕೈ ಹಾಕೋದುಂಟೇ?"

"ವಯಸ್ಸಲ್ಲಿ ನೀವೇ ದೊಡ್ಡೋರು."

"ಎಷ್ಟು, ಆರೇ ತಿಂಗಳು!"

ಅಷ್ಟು ದಿನದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಅಷ್ಟು ಮರ್ಯಾದೆ ಕೊಟ್ಟಿದ್ದಿಲ್ಲ. ಮುದ್ದೆ ಆರಿ ಕಲ್ಲಾಯಿತು. ಮಗಳು ನಮ್ಮಿಬ್ಬರ ಮುಖವನ್ನೂ ಒಂದು ಸಲ ನೋಡಿದಳು. ಪಾತ್ರೆ ಎತ್ತಿಕೊಂಡು ಹೋಗಿ ಸಾರನ್ನು ಹಿತ್ತಲಿಗೆ ಸುರಿದು, ನಮಗೆ ಉಪ್ಪಿನಕಾಯಿ ಹಾಕಿದಳು.

ಕೈ ತೊಳೆಯಲು ಎದ್ದ ಬೀಗರು ಕಿಟಕಿಯಿಂದ ಕೂಗಿದರು, "ಬನ್ನಿ ಬೀಗ್ರೆ, ಹಕ್ಕಿ ನೋಡಿ!" ಮತ್ತೆ ಅವರೇ ಮೊದಲು! ಓಡಿದೆ. ಸುರಿದ ಅಣಬೆಯ ಆ ಕಡೆ ಒಂದು ಕಾಗೆ, ಈ ಕಡೆ ಒಂದು ಕಾಗೆ. ಒಂದು ಹೆಜ್ಜೆ ಮುಂದಿಡುತ್ತೆ, ಇನ್ನೊಂದರ ಮುಖ ನೋಡುತ್ತೆ, ಹಿಂದೆ ಸರಿಯುತ್ತೆ. ಆಮೇಲೆ ಇನ್ನೊಂದರದೂ ಅದೇ ಕತೆ. ಎರಡೂ ಕೊಕ್ಕು ಹಾಕಲೊಲ್ಲವು.

ಮಗಳು ನಮ್ಮಿಬ್ಬರ ನಡುವೆ ತಲೆ ತೂರಿಸಿ ನೋಡಿದಳು.

"ಬಿಡಪ್ಪ, ಅವೂ ಬೀಗರೇ ಇರಬೇಕು" ಅಂದಳು.