ಗುರಲಿಂಗಪ್ಪನ ಹಿಂದಿ ವ್ರತ

ಕನ್ನಡ ಮಾತು ಕಿವಿಗೆ ಬಿದ್ದರೆ ಸಾಕು, ಗುರಲಿಂಗಪ್ಪನ ಕೈ ದಾನಕ್ಕೆ ಇಳಿಯುತ್ತಿತ್ತು. ಎಲ್ಲ ತೊಂದರೆಗೂ ಮೂಲ ಇದೇ.

ಹೆಂಡತಿ ನೀಲಾಬಾಯಿ ಪರೇಲಿನ ಚಾಳಿನ ಒಂದೇ ಖೋಲಿಯ ಮನೆಯಲ್ಲಿ ಕೂತು, ಊರಿನಿಂದ ತರಿಸಿದ, ಕುಪ್ಪಸಕ್ಕೆ ಬಳಸುವ ಖಣದ ಬಟ್ಟೆಯಲ್ಲಿ ಚೆಂದದ ಪರ್ಸು ಹೊಲಿಯುತ್ತಿದ್ದಳು. ಮಾರಲು ಗಂಡನನ್ನು ಕಳಿಸಿದಾಗಲೆಲ್ಲ ಅವನಿಗೆ ಯಾರೋ ಬಾದಾಮಿಯವರು, ಯಾರೋ ಧಾರವಾಡದವರು ಗಂಟುಬೀಳುತ್ತಿದ್ದರು. "ನಮ್ಮ ಕಡಿಯವರ ಹತ್ರ ರೊಕ್ಕಾ ಹೆಂಗ ಇಸ್ಕೊಳ್ಳೂದು?" ಎಂದು ಪುಕ್ಕಟೆ ಹಂಚಿ, ಮಗಳ ಮದುವೆ ಮುಗಿಸಿದವನಂತೆ ನಗುತ್ತ ಮನೆಗೆ ಬರುತ್ತಿದ್ದ.

"ಇವತ್ತ ಕಡೀ ಸಲ ನೋಡ್ರಿ," ಎಂದಳು ನೀಲಾಬಾಯಿ, ಪರ್ಸು ತುಂಬಿದ ಚೀಲ ಅವನ ಹೆಗಲಿಗೇರಿಸುತ್ತ. "ಹಂಗs ಹಂಚಿ ಬಂದ್ರ ನನ್ನ ಮಷೀನ್ ಬಾಜೂಮನಿ ಸೋನಾಲಿಗೆ ಕೊಟ್ಟುಬಿಡ್ತೀನಿ. ಆಕಿ ಆಗ್ಲೇ ಅದನ್ನ ಇಡಾಕ ಜಾಗಾ ಮಾಡ್ಕೊಂಡಾಳ. ನನ್ನ ತಲಿ ಮ್ಯಾಲ ಕೈಯಿಟ್ಟು ಆಣಿ ಮಾಡ್ರಿ. ಮಾರಿ ಮುಗಿಯೂತನಕಾ ಬಾಯಾಗ ಕನ್ನಡ ಬರಬಾರದು!"

ಗುರಲಿಂಗಪ್ಪ ಆಣೆ ಮಾಡಿದ. ಆಫೀಸಿಗೆ ರಜೆ ಹಾಕಿ, ಎಪ್ರಿಲ್ ಬಿಸಿಲಲ್ಲಿ ಇಡ್ಲಿಯಂತೆ ಬೇಯುತ್ತ ಫೋರ್ಟಿಗೆ ಹೋದ. ಒಂದು ಉಡುಪಿ ಹೋಟೆಲಿನ ಗಲ್ಲಾದ ಮುಂದೆ ನಿಂತು, "ಸೇಠ್, ಯೇ ಪರ್ಸ್ ಇಧರ್ ರಖೇಂಗೇ ಕ್ಯಾ?" ಎಂದ.

ಮಾಲೀಕರು ಕನ್ನಡಕ ಏರಿಸಿದರು. "ಇದು ಖಣ ಅಲ್ವಾ ಮಾರಾಯ್ರೆ? ನೀವು ಕನ್ನಡದವರಲ್ವಾ?"

ಗುರಲಿಂಗಪ್ಪ ಎರಡೂ ಕೈ ಆಡಿಸಿದ. "ನಹೀ ನಹೀ, ಹಮ್‌ಕೋ ಕಾನಡೀ ಬಿಲ್ಕುಲ್ ಬರಂಗಿಲ್ಲರೀ!"

ಹೋಟೆಲಿಗೆ ಹೋಟೆಲೇ ನಕ್ಕಿತು. "ಆಯ್ತು, ಬರುವುದು ಬೇಡ. ಚೀಲ ಇಲ್ಲೇ ಇಡಿ, ಮಾರಿ ಕೊಡುವ," ಎಂದು ಮಾಲೀಕರು ಕೈ ಚಾಚಿದರು. ಇನ್ನೊಂದು ಕ್ಷಣ ನಿಂತರೆ ಚೀಲ ಸಮೇತ ಕಾಣಿಕೆ ಕೊಟ್ಟುಬಿಡುತ್ತೇನೆಂದು ಹೆದರಿ ಗುರಲಿಂಗಪ್ಪ ಓಟ ಕಿತ್ತ. ಸ್ಟೇಶನ್ ಮುಟ್ಟಿದ ಮೇಲೆ, ಅವರು ಹೇಳಿದ್ದು ಒಳ್ಳೇದೋ ಕೆಟ್ಟದ್ದೋ ಎಂದು ಯೋಚಿಸಿದ. ತಿಳಿಯಲಿಲ್ಲ.

ಅಲ್ಲಿಂದ ಅಂಧೇರಿ. ಕೈಕೆಲಸದ ಸಾಮಾನಿನ ಅಂಗಡಿಯೊಂದರಲ್ಲಿ ಏಸಿ ಇತ್ತು, ರಾಧಿಕಾ ಎಂಬ ಹುಡುಗಿ ಇದ್ದಳು. ಪರ್ಸನ್ನು ತಿರುಗಿಸಿ ಮುರುಗಿಸಿ ನೋಡಿ, "ವಾವ್ ಅಂಕಲ್! ಇಸ್‌ಕಾ ಸ್ಟೋರಿ ಕ್ಯಾ ಹೈ?" ಎಂದಳು.

"ಸ್ಟೋರಿ ನಹೀ, ಪರ್ಸ್ ಹೈ."

"ಮತ್‌ಲಬ್, ಕೌನ್‌ಸಾ ಗಾಂವ್, ಕೌನ್ ಲೋಗ್ ಬನಾತೇ ಹೈಂ? ಆಜ್‌ಕಲ್ ವಹೀ ಬಿಕ್ತಾ ಹೈ."

ಗುರಲಿಂಗಪ್ಪನ ತಲೆ ಗಿರ್ರೆಂದಿತು. ಬೆಳಿಗ್ಗೆಯಿಂದ ಯಾವುದನ್ನು ಮುಚ್ಚಿಟ್ಟು ಓಡಾಡುತ್ತಿದ್ದನೋ ಇಲ್ಲಿ ಅದಕ್ಕೇ ಬೆಲೆ! ಊರಿನ ಹೆಸರು ನಾಲಿಗೆಯ ತುದಿಗೆ ಬಂತು. ಊರು ಬಂದರೆ ಅದರ ಹಿಂದೆ ಕನ್ನಡವೂ ಬರುತ್ತದೆ, ಕನ್ನಡದ ಹಿಂದೆ ದಾನ! ಗಟಕ್ಕನೆ ನುಂಗಿ, "ಹಮ್ ಕಹೀಂ ಕಾ ನಹೀ," ಎಂದ, ತನಗೆ ಊರೇ ಇಲ್ಲ ಎಂಬಂತೆ.

"ಕಹೀಂ ಕಾ ನಹೀ? ಫಿರ್ ನಹೀ ಚಲೇಗಾ, ಅಂಕಲ್," ಎಂದು ಪರ್ಸು ವಾಪಸ್ ಕೊಟ್ಟಳು.

ಸಂಜೆಯ ಹೊತ್ತಿಗೆ ಅವನು ಅಂಧೇರಿ ಸ್ಟೇಶನ್ ಹೊರಗೆ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನಂತೆ ಮುಖ ಮಾಡಿಕೊಂಡು ಪರ್ಸು ಹರಡಿ ನಿಂತಿದ್ದ. ಆಗ ದೊಡ್ಡ ಚೀಲ ಹೊತ್ತ ಒಬ್ಬ ಹೆಣ್ಣುಮಗಳು ಬಂದು ನಿಂತಳು.

"ಕಿತ್ನಾ ಸುಂದರ್ ಹೈ! ಘರ್ ಮೇ ಹಳದಿ-ಕುಂಕೂ ಹೈ. ಸಬ್ ದೇ ದೋ."

ಸಬ್! ಅರಿಸಿನ-ಕುಂಕುಮದ ಬಾಗಿನಕ್ಕೆ ಅಷ್ಟೂ ಬೇಕಂತೆ! ಗುರಲಿಂಗಪ್ಪ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಆಕೆಯ ಕೈಗೆ ಸುರಿದ. ಮಾರಿ ಮುಗಿದಂತೇ ಆಯಿತಲ್ಲ, ಆಣೆಯೂ ಮುಗಿಯಿತು! ಫೋನೆತ್ತಿ ಕೂಗಿದ, "ನೀಲಾ! ಎಲ್ಲಾ ಖಾಲಿ ಆದ್ವು! ಒಂದೂ ಉಳೀಲಿಲ್ಲ!"

ತನ್ನ ಪರ್ಸಿನಿಂದ ನೋಟು ತೆಗೆಯುತ್ತಿದ್ದ ಹೆಣ್ಣುಮಗಳ ಕೈ ಅಲ್ಲೇ ನಿಂತಿತು. "ಅಯ್ಯ ಶಿವನ! ನಮ್ಮ ಕಡಿಯವರs ಏನ್ರಿ? ನಾ ವಿಜಾಪುರದಾಕಿ, ಭುವನೇಶ್ವರಿ!"

"ಹೌದ್ರಿ ಅಕ್ಕಾರ, ನಾವು ಬಾದಾಮಿ ಕಡಿಯವರು."

"ಹಂಗಾರ ನಿಮ್ಮ ಕೈಯಾಗ ರೊಕ್ಕಾ ಹೆಂಗ ಇಡ್ಲಿ? ಪರದೇಶದವರಿಗೆ ಕೊಟ್ಟಂಗ ಆಗ್ತೈತಿ."

ರೊಕ್ಕ ಕೇಳಬೇಕು ಎಂದು ಗುರಲಿಂಗಪ್ಪ ಬಾಯಿ ತೆರೆದ. ಬಾಯಿ ಮಾತ್ರ ತನ್ನದೇ ಹೇಳಿತು: "ಛೇ ಛೇ, ರೊಕ್ಕಾ ಎಲ್ಲಿದು ಬಿಡ್ರಿ ಅಕ್ಕಾರ!"

ನೋಟು ಒಳಗೆ ಹೋಯಿತು. ಆದರೆ ಭುವನೇಶ್ವರಿ ಹಾಗೆಲ್ಲ ಋಣ ಇಟ್ಟುಕೊಳ್ಳುವ ಹೆಂಗಸಲ್ಲ. "ಖಾಲಿ ಚೀಲ ವಾಪಸ್ ಕಳಸಬಾರದ್ರಿ, ನಮ್ಮಲ್ಲಿ ಅದು ಪದ್ಧತಿ ಅಲ್ಲ," ಎಂದು ತನ್ನ ಚೀಲವನ್ನು ಅವನ ಚೀಲಕ್ಕೆ ಬೋರಲು ಹಾಕಿ, ಮುಷ್ಟಿಯಿಂದ ಒತ್ತಿ ಒತ್ತಿ ತುಂಬಿದಳು. "ಇವೂ ಕೈಯಾಗ ಮಾಡಿದ್ದs. ನಾನೂ ಮುಂಜಾನಿಂದ ಮಾರಾಕ ತಿರುಗಾಡಾಕತ್ತೀನಿ, ಒಬ್ಬರೂ ಮುಟ್ಟಿ ನೋಡಲಿಲ್ಲ ನೋಡ್ರಿ. ನಿಮ್ಮಂಥವರ ಕೈಗುಣ ಛಲೋ ಇರ್ತದ!" ಎಂದವಳೇ ಪರ್ಸುಗಳನ್ನು ತನ್ನ ಚೀಲಕ್ಕೆ ತುಂಬಿಕೊಂಡು ಜನರೊಳಗೆ ಕರಗಿಹೋದಳು.

ಮನೆಯಲ್ಲಿ ನೀಲಾಬಾಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಸೋನಾಲಿಗೆ 'ಮಷೀನ್ ಕೊಡಂಗಿಲ್ಲ' ಎಂದು ಹೇಳಿ ಕಳಿಸಿಯೂ ಆಗಿತ್ತು. ಉಬ್ಬಿದ ಚೀಲ ಕಂಡು, "ಏನ್ರಿ, ಸೀರಿ ತಂದ್ರೇನು?" ಎಂದು ಬಿಚ್ಚಿದಳು.

ಒಳಗೆ ಉಲ್ಲನ್ ಟೊಪ್ಪಿಗೆಗಳು. ಕಿವಿ ಮುಚ್ಚುವಂಥವು, ಕೊರಳಿಗೆ ಕಟ್ಟುವ ದಾರ ಇರುವಂಥವು, ತುದಿಗೊಂದು ಗೊಂಡೆ. ಖೋಲಿಯ ಫ್ಯಾನು ಬಿಸಿ ಗಾಳಿಯನ್ನು ಅತ್ತಿಂದಿತ್ತ ತಳ್ಳುತ್ತಿತ್ತು. ಗುರಲಿಂಗಪ್ಪ ನಡೆದದ್ದನ್ನೆಲ್ಲ ತೊದಲುತ್ತ ಒಪ್ಪಿಸಿದ.

ನೀಲಾಬಾಯಿ ಒಂದು ಟೊಪ್ಪಿಗೆಯನ್ನು ದೀಪದ ಬೆಳಕಿಗೆ ಹಿಡಿದು ನೋಡಿದಳು. ಮಷೀನಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸಿದಳು.

"ಅಂಚಿಗೆ ಖಣದ ಪಟ್ಟಿ ಹಚ್ಚಿದ್ರ ಭಾಳ ಚಂದ ಕಾಣ್ತಾವ," ಎಂದಳು. "ನಾಳೆನೂ ರಜಾ ಹಾಕ್ರಿ."